ಏಳನೇ ಪ್ರೆಸ್ಸಿನ ಪೆನ್ನಿ

ತಾ ಇಲ್ಲಿ, ಗೆಥಿನ್. ಮೇಜಿನ ಮೇಲಲ್ಲ,
ಈ ಕಪ್ಪು ಉಣ್ಣೆಬಟ್ಟೆಯ ಮೇಲೆ ಸುರಿ.
ಅಂಚು ಹಿಡಿದು ಎತ್ತು, ಮುಖ ಮುಟ್ಟಬೇಡ,
ಬೆರಳಿನ ಜಿಡ್ಡು ತಾಮ್ರಕ್ಕೆ ಜನ್ಮಕ್ಕಂಟುತ್ತೆ.
ಹೂಂ. ಹನ್ನೊಂದು.
ಶ್ರೀಮಂತನಾಗುವ ಆತುರಕ್ಕೆ ಕಿವಿ ಕೆಂಪಗಾಗಿದೆ ನೋಡು ನಿಂದು.

ಇದು ಸುತ್ತಿಗೆಯೇಟು.
ಇದು ರೈಲು ಹಳಿಯ ಮೇಲಿಟ್ಟದ್ದು; ನಾವೂ ಇಡುತ್ತಿದ್ದೆವು.
ಇದರಲ್ಲಿ ಅಕ್ಷರ ಎರಡೆರಡು ಕಾಣುತ್ತೆ ಅಂತೀಯ?
ಕುಣಿಯಬೇಡ. ಹೊಡೆಯುವಾಗ ಅಚ್ಚು ಸಡಿಲಾಗಿ ಜಾರಿದೆ,
ಅಕ್ಷರದ ಹೆಗಲು ಚಪ್ಪಟೆ ಮೆಟ್ಟಿಲಾಗಿದೆ.
ನಿಜವಾದ ಜೋಡಿಯಾದರೆ, ಅಚ್ಚು ತಾನೇ ಹುಟ್ಟುವಾಗ
ಎರಡು ಸಲ ಪೆಟ್ಟು ತಿಂದಿರಬೇಕು,
ಅಕ್ಷರದ ತುದಿ ಹಾವಿನ ನಾಲಗೆಯ ಹಾಗೆ ಸೀಳಿರಬೇಕು.
ಇದು ಬರೀ ಯಂತ್ರದ ತೊದಲು,
ಬೆಲೆ ಒಂದು ಪೆನ್ನಿ.

ಒಂದು ಮಾತು ಕಲಿತುಕೋ, ಮಿಕ್ಕದ್ದು ಪುಸ್ತಕದಲ್ಲಿದೆ:
ಗೀರು ಇಳಿಯುತ್ತೆ, ಬಿರುಕು ಏಳುತ್ತೆ.
ಊರು ತಿರುಗುವಾಗ ಆದ ಗಾಯ ತಗ್ಗಾಗಿರುತ್ತೆ.
ಉಕ್ಕಿನಚ್ಚು ಬಿರಿದಿದ್ದರೆ ಆ ಸೀಳಿಗೆ ತಾಮ್ರ ಹೊಕ್ಕು
ಮುದುಕಿಯ ಕೈಯ ನರದ ಹಾಗೆ ಉಬ್ಬುತ್ತೆ.
ಕಣ್ಣು ಮುಚ್ಚಿ ಉಗುರಾಡಿಸು, ಗೊತ್ತಾಗುತ್ತೆ.

ಇದು ಬೇಡ. ಇದೂ. ಇದಕ್ಕೆ ಕಿಲುಬು.
ಇದು,
          ತಡಿ. ದೀಪ ಈ ಕಡೆ ತಿರುಗಿಸು.

ಕೋಟೆಬಾಗಿಲು. ಎಡಗಡೆಯ ಸರಪಳಿ. ಮೂರನೇ ಕೊಂಡಿಯಿಂದ
ಹೊರಟ ಒಂದು ಕೂದಲು.
ಎಲ್ಲಿತ್ತು?
ಅಜ್ಜಿಯ ಬಟನ್ ಡಬ್ಬಿಯಲ್ಲಿ. ಸರಿ.

ಗಣಿ ಮುಷ್ಕರದ ವರ್ಷ. ಲ್ಯಾನ್‌ಟ್ರಿಸೆಂಟ್ ಟಂಕಸಾಲೆ, ರಾತ್ರಿ ಪಾಳಿ.
ಹತ್ತು ನಿಮಿಷಕ್ಕೊಮ್ಮೆ ಪ್ರತಿ ಪ್ರೆಸ್ಸಿನಿಂದ
ಒಂದು ಹಿಡಿ ಬಿಸಿ ಪೆನ್ನಿ ತೆಗೆದು ನೋಡುವುದು ನನ್ನ ಕೆಲಸ.
ತಪ್ಪು ಕಂಡರೆ ಕೆಂಪು ಗುಂಡಿ.
ಏಳನೇ ಪ್ರೆಸ್ಸಿನವನು ಇದ್ವಾಲ್.
ಆ ಗದ್ದಲದಲ್ಲಿ ಮಾತನ್ನು ತುಟಿಯಿಂದ ಓದಬೇಕು.
'ನನ್ನ ತಮ್ಮ ನಾಳೆ ಗಣಿಗಿಳೀತಾನೆ,' ಅಂದ.
ಮುಷ್ಕರ ಮುರಿದು, ಕಿಟಕಿಗೆ ತಂತಿಬಲೆ ಬಿಗಿದ ಬಸ್ಸಿನಲ್ಲಿ,
ಹಿಂದೆ ಮುಂದೆ ಪೊಲೀಸರು.
'ಮಗೂಗೆ ಬೂಟಿಲ್ಲವಂತೆ. ಅಪ್ಪ ಅವನ ಫೋಟೋ ಗೋಡೆಯಿಂದ ತೆಗೆದಿದ್ದಾನೆ.'
ನನ್ನ ಅಂಗೈಯಲ್ಲಿ ಆ ಉಬ್ಬು ಆಗಲೇ ಕಂಡಿತ್ತು.
ಗುಂಡಿ ಒತ್ತಿದರೆ ಪ್ರೆಸ್ಸು ನಿಲ್ಲುತ್ತೆ, ಮೇಲಿನವರು ಬರುತ್ತಾರೆ,
ಇದ್ವಾಲ್ ಬಾಯಿ ಮುಚ್ಚುತ್ತಾನೆ.
ಒತ್ತಲಿಲ್ಲ.

ಆ ತಗಡಿನ ಡಬ್ಬಿ ತಾ, ಚಮಚದ ಡ್ರಾಯರಿನಲ್ಲಿದೆ.
ಮೂವತ್ತೆಂಟು ವರ್ಷ ಬಸ್ಸಿನ, ಬೇಕರಿಯ, ಚಾಪೆಲ್ ತಟ್ಟೆಯ ಚಿಲ್ಲರೆ ಕೆದಕಿ
ಮೂರು ಸಿಕ್ಕಿವೆ.
ಇದರಲ್ಲಿ ಬಿರುಕು ಕೊಂಡಿ ಬಿಟ್ಟು ಈಗಷ್ಟೇ ಹೊರಟಿದೆ:
'ನನ್ನ ತಮ್ಮ' ಅಂದಾಗಿನದು.
ಇದರಲ್ಲಿ ಅರ್ಧ ದಾರಿ: ಬೂಟು.
ಇದರಲ್ಲಿ ಅಂಚಿಗೆ ಇನ್ನೊಂದು ಕೂದಲೆಳೆ ಬಾಕಿ. ಫೋಟೋ.
ಅಲ್ಲಿಗೆ ಗುಂಡಿ ಒತ್ತಿದೆ.
ಹಾಗಂತ ವರದಿಯಲ್ಲಿ ಬರೆದೆ. ಹಾಗಂತಲೇ ನಂಬಿದ್ದೆ.

ನಿನ್ನದು ಅಂಚು ಮುಟ್ಟಿದೆ, ಗೆಥಿನ್.
ಮುಟ್ಟಿ, ಅಲ್ಲೊಂದು ಗುಳ್ಳೆ ಎದ್ದಿದೆ; ಅಚ್ಚಿನ ಚೂರೇ ಉದುರಿದೆ.
ಅಂದರೆ ಪ್ರೆಸ್ಸು ಇನ್ನೂ ಬಹಳ ಹೊತ್ತು ಓಡಿದೆ.
ಅವನು ಇನ್ನೂ ಏನೋ ಹೇಳಿದ್ದಾನೆ,
ನಾನು ನಿಂತು ಕೇಳಿದ್ದೇನೆ.
ಏನದು? ತುಟಿ ಆಡುವುದು ಕಾಣುತ್ತೆ.
ಮಾತು ಸಿಗುತ್ತಿಲ್ಲ.

ಬೆಲೆಯೇ? ಕಾರ್ಡಿಫಿನ ಅಂಗಡಿಯವನು ನಲವತ್ತು ಪೌಂಡು ಕೊಟ್ಟಾನು,
ಮುಖ ಗಂಟಿಕ್ಕಿ ಕೂತರೆ ಐವತ್ತು.
ಮಾರು, ನಿನ್ನದು, ಬೇಡವೆನ್ನಲು ನಾನ್ಯಾರು.
ನಾಳೆಯವರೆಗೆ ಇಲ್ಲಿರಲಿ ಅಷ್ಟೆ,
ಈ ಮೂರರ ಪಕ್ಕ.
ಚಹಾ ಆರಿತು, ಮತ್ತೆ ಇಡುತ್ತೇನೆ.
ಇನ್ನೂ ನಾಲ್ಕು ಉಳಿದಿವೆ ನಿನ್ನವು.
ಅಂಚು ಹಿಡಿ. ಅಂಚು.